ಕ್ಯಾಮೆಲ್ ಕೇಳಬೇಕು ಸರಿ, ಯಾವ ಆಲ್ಬಮ್ಮಿನಿಂದ ಶುರು?

ತುಮಕೂರಿನಲ್ಲಿ ಕ್ಯಾಮೆಲ್ ಅಂದರೆ ಮೊದಲು ನೆನಪಾಗುವುದು ಡ್ರಾಯಿಂಗ್ ಕ್ಲಾಸಿನ ಬಣ್ಣದ ಡಬ್ಬಿ. ಪಿಂಕ್ ಫ್ಲಾಯ್ಡ್ ಗೊತ್ತು, ಡೀಪ್ ಪರ್ಪಲ್ ಗೊತ್ತು, 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಐರನ್ ಮೇಡನ್ ಅಂತೂ ಬಾಯಿಪಾಠ. ಆದರೆ 1971ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಹುಟ್ಟಿದ ಕ್ಯಾಮೆಲ್ ಎಂಬ ರಾಕ್ ತಂಡದ ಹೆಸರೆತ್ತಿದರೆ ಎದುರಿನವರು ಮುಖ ಮುಖ ನೋಡುತ್ತಾರೆ. ಎಲ್ಲೋ ಒಂದು ಹಾಡು ಕಿವಿಗೆ ಬಿದ್ದು ಮೆಚ್ಚಿಕೊಂಡವರಿಗೂ ಮುಂದೇನು ಎಂಬುದು ಗೊಂದಲವೇ. 1973ರಿಂದ 2002ರವರೆಗೆ ಹದಿನಾಲ್ಕು ಸ್ಟುಡಿಯೊ ಆಲ್ಬಂಗಳಿವೆ. ಅದರಲ್ಲಿ ಒಬ್ಬರು 'ಸ್ನೋ ಗೂಸ್' ಕೇಳು ಅನ್ನುತ್ತಾರೆ, ಇನ್ನೊಬ್ಬರು 'ಮಿರಾಜ್' ಅನ್ನುತ್ತಾರೆ, ಮೂರನೆಯವರು 'ಮೂನ್‌ಮ್ಯಾಡ್‌ನೆಸ್' ಬಿಟ್ಟು ಮಾತೇ ಆಡುವುದಿಲ್ಲ. ಮೂವರದ್ದೂ ಸರಿಯೇ. ಆದರೆ ಯಾರಿಗೆ, ಎಲ್ಲಿ ಕೂತು ಕೇಳುವವರಿಗೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕ್ಯಾಮೆಲ್ ವಿಷಯದಲ್ಲಿ ಅದೇ ಮುಖ್ಯ.

ಆರಿಸುವ ಮೊದಲು

ನಿಮಗೆ ಹಾಡುಗಾರ ಬೇಕೋ, ವಾದ್ಯ ಸಾಕೋ? ಇದನ್ನು ಮೊದಲೇ ಕೇಳಿಕೊಳ್ಳಿ. ಕ್ಯಾಮೆಲ್‌ನ ದುರ್ಬಲ ಜಾಗವೇ ಗಾಯನ. ಗಿಟಾರಿಸ್ಟ್ ಆಂಡ್ರ್ಯೂ ಲ್ಯಾಟಿಮರ್, ಕೀಬೋರ್ಡಿನ ಪೀಟರ್ ಬಾರ್ಡೆನ್ಸ್, ಬೇಸ್ ಗಿಟಾರಿನ ಡಗ್ ಫರ್ಗುಸನ್ ಮೂವರೂ ಸರದಿಯಂತೆ ಹಾಡಿದ್ದಾರೆ, ಆದರೆ ಯಾರದ್ದೂ ಸಭೆ ತುಂಬುವ ಕಂಠವಲ್ಲ. ಎಸ್‌ಪಿಬಿ ಕೇಳಿ ಬೆಳೆದ ಕಿವಿಗೆ ಇದು ಸಪ್ಪೆ ಅನ್ನಿಸಿದರೆ ತಪ್ಪೇನಿಲ್ಲ. ಇಲ್ಲಿ ಹಾಡುವುದು ಲ್ಯಾಟಿಮರ್‌ನ ಗಿಟಾರು. ಒಂದೇ ಸ್ವರವನ್ನು ಎಳೆದು, ಅಲುಗಿಸಿ, ನಿಧಾನಕ್ಕೆ ಬಿಡುವ ಆ ಕೈ ವೀಣೆಯ ಜಾರು ಕೇಳಿದವರಿಗೆ ಬೇಗ ಒಗ್ಗುತ್ತದೆ. ಎದ್ದು ಕಾಣುವ ಹಾಡುಗಾರನಿಲ್ಲದ ಕಾರಣಕ್ಕೇ ಇವರು ಪಿಂಕ್ ಫ್ಲಾಯ್ಡ್, ಜೆನೆಸಿಸ್, ಯೆಸ್ ತಂಡಗಳ ನೆರಳಲ್ಲಿ ಉಳಿದರು ಎಂದರೂ ನಡೆಯುತ್ತದೆ.

ಎರಡನೆಯದು, ಎಲ್ಲಿ ಕೇಳುತ್ತೀರಿ? ಈ ತಂಡದ ರೆಕಾರ್ಡಿಂಗ್‌ಗಳಲ್ಲಿ ಮೆಲುದನಿಗೂ ಜೋರುದನಿಗೂ ಅಂತರ ದೊಡ್ಡದು. ಕೊಳಲಿನ ಒಂದೆಳೆ ಕೇಳಲಿ ಎಂದು ವಾಲ್ಯೂಮ್ ಏರಿಸಿದರೆ ಮರುನಿಮಿಷ ಡ್ರಮ್ಸ್ ಕಿವಿಗೆ ಬಡಿಯುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನ ಕೊನೆಯ ಸೀಟಿಗೆ ಒಗ್ಗುವ ಆಲ್ಬಂ ಬೇರೆ, ರಾತ್ರಿ ಮನೆಮಂದಿ ಮಲಗಿದ ಮೇಲೆ ಕೇಳುವುದು ಬೇರೆ.

ಮೂರನೆಯದು, ಒಂದೇ ಸಮನೆ ಎಷ್ಟು ಹೊತ್ತು ಕೂರಬಲ್ಲಿರಿ ಅನ್ನುವುದು. ನಾಲ್ಕನೆಯದು ದುಡ್ಡು. ಅದರ ಮಾತು ಕೊನೆಗೆ.

ಮಿರಾಜ್, 1974

ಮೆಟಲ್ ಅಥವಾ ಹಾರ್ಡ್ ರಾಕ್ ಕಡೆಯಿಂದ ಬರುವವರು ಇಲ್ಲಿಂದಲೇ ಶುರು ಮಾಡಬೇಕು. ಐದೇ ಟ್ರ್ಯಾಕು, ಒಟ್ಟು 38 ನಿಮಿಷ. ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುವವರಿಗೆ ಅಳತೆ ತೆಗೆದು ಹೊಲಿದಂತಿದೆ: ಕ್ಯಾತ್ಸಂದ್ರ ಬರುವಷ್ಟರಲ್ಲಿ ಮೊದಲ ಟ್ರ್ಯಾಕು 'ಫ್ರೀಫಾಲ್' ಮುಗಿಯುತ್ತದೆ, ದೊಡ್ಡಬೆಲೆಯ ಆಸುಪಾಸಿನಲ್ಲಿ ಇಡೀ ಆಲ್ಬಂ. ಗಾಡಿಯ ಸದ್ದಿನ ನಡುವೆಯೂ ಎದ್ದು ಕೇಳಿಸುವ ಗಟ್ಟಿತನ ಇದಕ್ಕಿದೆ.

'ಸೂಪರ್‌ಟ್ವಿಸ್ಟರ್' ಮೂರೂ ಚಿಲ್ಲರೆ ನಿಮಿಷದ ಕೊಳಲಿನ ತುಣುಕು. ಕೊಳಲು ನುಡಿಸುವುದೂ ಲ್ಯಾಟಿಮರ್‌ನೇ. ಮೂರನೆಯ ಟ್ರ್ಯಾಕು ಟೋಲ್ಕಿನ್‌ನ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಮಾಂತ್ರಿಕ ಗ್ಯಾಂಡಾಲ್ಫ್‌ನನ್ನು ಕುರಿತದ್ದು, ಒಂಬತ್ತು ನಿಮಿಷ ದಾಟುತ್ತದೆ. ಆದರೆ ಆಲ್ಬಮ್ಮಿನ ಬೆಲೆ ಗೊತ್ತಾಗುವುದು ಕೊನೆಯ 'ಲೇಡಿ ಫ್ಯಾಂಟಸಿ'ಯಲ್ಲಿ, ಹನ್ನೆರಡೂ ಮುಕ್ಕಾಲು ನಿಮಿಷ. ಕೀಬೋರ್ಡಿನ ಸುತ್ತುಸುತ್ತಿನ ಸ್ವರಗಳಿಂದ ಎದ್ದು, ಗಿಟಾರಿನ ರಾಗ ಹಿಡಿದು, ಹಾಡಾಗಿ, ಆರ್ಗನ್ ಮತ್ತು ಗಿಟಾರಿನ ಓಟವಾಗಿ, ಅರ್ಧ ದಾಟಿದ ಮೇಲೆ ಬಹುತೇಕ ಮೌನಕ್ಕೆ ಇಳಿಯುತ್ತದೆ. ಅಲ್ಲೇ ಹೊಸಬರು ಮುಗಿಯಿತು ಎಂದು ಮುಂದಿನದಕ್ಕೆ ಹೋಗಿಬಿಡುತ್ತಾರೆ. ಹೋಗಬೇಡಿ. ಆ ಮೌನದಿಂದ ಏಳುವ ಭಾರದ ರಿಫ್‌ಗಾಗಿಯೇ (ಮತ್ತೆ ಮತ್ತೆ ನುಡಿಸುವ ಸಣ್ಣ ಸ್ವರಗುಚ್ಛ) ಈ ಹಾಡು ಇರುವುದು. ಆಮೇಲೆ ಮೊದಲಿನ ರಾಗ ವಾಪಸು ಬಂದಾಗ ಅದರ ತೂಕವೇ ಬೇರೆಯಾಗಿರುತ್ತದೆ.

ಕೊರತೆ ಎಂದರೆ ಸಾಹಿತ್ಯ. ಮಾತುಗಳಿಗಾಗಿ ಯಾರೂ ಈ ಆಲ್ಬಂ ಕೇಳುವುದಿಲ್ಲ. ಹಾಗೇ ಇನ್ನೊಂದು: ಇದರ ಇಂಗ್ಲೆಂಡಿನ ಹೊದಿಕೆ ಕ್ಯಾಮೆಲ್ ಎಂಬ ಹೆಸರಿನದೇ ಸಿಗರೇಟ್ ಪ್ಯಾಕಿನ ಚಿತ್ರವನ್ನು ಅಲುಗಿಸಿದಂತಿದೆ. ಸಿಗರೇಟ್ ಕಂಪನಿ ತಕರಾರು ತೆಗೆದದ್ದರಿಂದ ಅಮೆರಿಕದಲ್ಲಿ ಡ್ರ್ಯಾಗನ್ ಚಿತ್ರದ ಬೇರೆ ಹೊದಿಕೆ ಬಂತು. ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಹುಡುಕುವಾಗ ಡ್ರ್ಯಾಗನ್ ಕಂಡರೆ ನಕಲಿ ಎಂದು ಬಿಟ್ಟುಬರಬೇಡಿ.

ಸ್ನೋ ಗೂಸ್, 1975

ಎಲ್ಲರೂ ಮೊದಲು ಹೇಳುವ ಹೆಸರು ಇದು. ಇದನ್ನೇ ಮೊದಲು ಕೇಳಬೇಡಿ ಅನ್ನುವುದು ಈ ಬರಹದ ವಾದ.

ಆಲ್ಬಂ ಕೆಟ್ಟದೆಂದಲ್ಲ, ತಂಡದ ಅತ್ಯಂತ ಅಚ್ಚುಕಟ್ಟಾದ ಕೆಲಸ ಇದೇ ಇರಬಹುದು. ಪಾಲ್ ಗ್ಯಾಲಿಕೊ ಬರೆದ ಕಿರುಕಾದಂಬರಿಯನ್ನು ಮಾತೇ ಇಲ್ಲದೆ ಹೇಳುವ ಹದಿನಾರು ತುಣುಕು, 43 ನಿಮಿಷ. ಎಸೆಕ್ಸ್‌ನ ಜೌಗು ಪ್ರದೇಶದ ಹಳೆಯ ದೀಪಸ್ತಂಭದಲ್ಲಿ ಒಂಟಿಯಾಗಿರುವ ಗೂನುಬೆನ್ನಿನ ಚಿತ್ರಕಾರ ರಾಯಡರ್, ಗಾಯಗೊಂಡ ಹಂಸಜಾತಿಯ ಹಕ್ಕಿಯನ್ನು ಎತ್ತಿಕೊಂಡು ಬರುವ ಹುಡುಗಿ ಫ್ರಿತಾ, 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈನಿಕರನ್ನು ತನ್ನ ದೋಣಿಯಲ್ಲಿ ಸಾಗಿಸುತ್ತಲೇ ಸಾಯುವ ರಾಯಡರ್: ಇಷ್ಟು ಕಥೆ. ಗ್ಯಾಲಿಕೊ ಒಪ್ಪದ್ದರಿಂದ ಹೊದಿಕೆಯ ಮೇಲೆ 'ಸ್ನೋ ಗೂಸ್‌ನಿಂದ ಪ್ರೇರಿತವಾದ ಸಂಗೀತ' ಎಂದು ಅಚ್ಚುಹಾಕಿಸಬೇಕಾಯಿತು. ಹಾಡಿಗೆ ಸಾಹಿತ್ಯ ಇಲ್ಲದ್ದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಈ ತಂಡದ ದುರ್ಬಲ ಜಾಗ ತಾನಾಗಿಯೇ ಮುಚ್ಚಿಹೋಯಿತು.

ತೊಂದರೆ ಎಲ್ಲಿ? ತುಣುಕುಗಳಲ್ಲಿ ಹಲವು ಒಂದೆರಡು ನಿಮಿಷದವು, ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಕಿತ್ತು ತೆಗೆದು ಗೆಳೆಯನಿಗೆ ಕೇಳಿಸಿದರೆ ಅದು ಯಾವುದೋ ಸಿನಿಮಾದ ಹಿನ್ನೆಲೆ ಸಂಗೀತದಂತೆ ಕೇಳಿಸುತ್ತದೆ. 'ಸ್ಯಾಂಕ್ಚುರಿ', 'ಫ್ರಿತಾ' ಎಷ್ಟು ಮೆತ್ತಗಿವೆಯೆಂದರೆ ಬಸ್ಸಿನಲ್ಲಿ ಎಂಜಿನ್ನೇ ಪಕ್ಕವಾದ್ಯವಾಗಿಬಿಡುತ್ತದೆ. 'ಫ್ರೆಂಡ್‌ಶಿಪ್'ನಲ್ಲಿ ಗಿಟಾರೇ ಹಿಂದೆ ಸರಿದು ಆರ್ಕೆಸ್ಟ್ರಾದ ಊದುವಾದ್ಯಗಳು ಮುಂದೆ ಬರುತ್ತವೆ. ರಾಕ್ ಕೇಳಲು ಬಂದವರಿಗೆ ಇದೇನಪ್ಪಾ ಅನ್ನಿಸೀತು. ತಂಡ ಪೂರ್ತಿ ರಾಕ್ ನುಡಿಸುವುದು 'ರಾಯಡರ್ ಗೋಸ್ ಟು ಟೌನ್'ನಲ್ಲಿ. ಅದರ ಕೊನೆಯ ಅರ್ಧದ ನಿಧಾನ ಗಿಟಾರು ಸೊಲೊ ಸಾಕು, ಲ್ಯಾಟಿಮರ್ ಯಾರು ಅಂತ ಗೊತ್ತಾಗಲು. 'ಡನ್‌ಕರ್ಕ್' ಸೈನಿಕರ ಹೆಜ್ಜೆಯಂತೆ ಹಂತಹಂತವಾಗಿ ಕಟ್ಟಿಕೊಂಡು ಹೋಗುತ್ತದೆ. ನಡುವೆ ಫೋನ್ ಕರೆ ಬಂದರೆ ಮೊದಲಿಂದ ಕೇಳುವುದೇ ವಾಸಿ.

ಹಾಗಾಗಿ ಇದಕ್ಕೆ ಬೇಕಾದದ್ದು ರಾತ್ರಿ, ಕೋಣೆ, ತಲೆಗೆ ಕೂರುವ ಹೆಡ್‌ಫೋನು, ಮುಕ್ಕಾಲು ಗಂಟೆ. ಇಷ್ಟು ಇದ್ದವರಿಗೆ, ಅದರಲ್ಲೂ ಕಛೇರಿಯಲ್ಲಿ ಆಲಾಪನೆ ಮುಗಿಯುವವರೆಗೆ ಅಲುಗಾಡದೆ ಕೂತು ಅಭ್ಯಾಸವಿರುವವರಿಗೆ, ಇದನ್ನು ಮೀರಿಸುವ ಕ್ಯಾಮೆಲ್ ಇಲ್ಲ.

ಹುಡುಕುವಾಗ ಒಂದು ಎಚ್ಚರ. ಇದೇ ಹೆಸರಿನಲ್ಲಿ 2013ರ ಇನ್ನೊಂದು ಆಲ್ಬಂ ಇದೆ. ಲ್ಯಾಟಿಮರ್ ಹೊಸ ಸಂಗಾತಿಗಳೊಡನೆ ಇಡೀ ಕೃತಿಯನ್ನು ಮತ್ತೆ ನುಡಿಸಿದ್ದು. ದನಿ ಸ್ವಚ್ಛವಾಗಿದೆ, ಕೆಲವು ಭಾಗಗಳು ಉದ್ದವಾಗಿವೆ, ಆದರೆ ಆಂಡಿ ವಾರ್ಡ್‌ನ ಡ್ರಮ್ಸ್ ಇಲ್ಲ, ಬಾರ್ಡೆನ್ಸ್ ಇಲ್ಲ. ಮೊದಲು 1975ರದ್ದನ್ನೇ ಕೇಳಿ. ಆ್ಯಪ್‌ನಲ್ಲಿ ವರ್ಷ ನೋಡದೆ ಒತ್ತಿದರೆ ಯಾವುದು ಸಿಗುತ್ತದೋ ಹೇಳಲಾಗದು.

ಮೂನ್‌ಮ್ಯಾಡ್‌ನೆಸ್, 1976

ಒಂದೇ ಒಂದು ಆಲ್ಬಂ ಅಂದರೆ ಇದು. ಗಿಟಾರು, ಕೀಬೋರ್ಡು, ಹಾಡು, ವಾದ್ಯ ಎಲ್ಲದರ ಪ್ರಮಾಣ ಹದವಾಗಿ ಕೂತಿದೆ. ಏಳು ಟ್ರ್ಯಾಕು, 39 ನಿಮಿಷ. ಮೊದಲ ನಾಲ್ವರು ಸದಸ್ಯರು ಒಟ್ಟಿಗೆ ಮಾಡಿದ ಕೊನೆಯ ಆಲ್ಬಮ್ಮೂ ಹೌದು.

ನಾಲ್ಕು ಟ್ರ್ಯಾಕುಗಳು ನಾಲ್ವರ ಸ್ವಭಾವಕ್ಕೆ ಬರೆದವು: 'ಏರ್ ಬಾರ್ನ್' ಲ್ಯಾಟಿಮರ್‌ಗೆ, 'ಕಾರ್ಡ್ ಚೇಂಜ್' ಬಾರ್ಡೆನ್ಸ್‌ಗೆ, 'ಅನದರ್ ನೈಟ್' ಫರ್ಗುಸನ್‌ಗೆ, 'ಲೂನಾರ್ ಸೀ' ಡ್ರಮ್ಮರ್ ವಾರ್ಡ್‌ಗೆ. ಇದನ್ನು ತಿಳಿದು ಕೇಳಿದರೆ ಆರಿಸುವುದೂ ಸುಲಭ. ಪಿಯಾನೊ, ಕೊಳಲಿನಿಂದ ತೆರೆಯುವ 'ಏರ್ ಬಾರ್ನ್' ಹಿಡಿಸಿದವರು ಮುಂದೆ ಸ್ನೋ ಗೂಸ್‌ಗೆ ಹೋಗಬಹುದು. ಗಟ್ಟಿ ರಿಫ್‌ನ 'ಅನದರ್ ನೈಟ್' ಹಿಡಿಸಿದವರಿಗೆ ಮಿರಾಜ್. ತಾಳ ಬದಲಾಗುತ್ತಲೇ ಇರುವ 'ಕಾರ್ಡ್ ಚೇಂಜ್' ಕೇಳಿ ಬೆರಳು ಲೆಕ್ಕ ಹಾಕಲು ಶುರುಮಾಡಿದರೆ 1977ರ 'ರೇನ್ ಡ್ಯಾನ್ಸಸ್' ನಿಮಗಾಗಿ ಕಾಯುತ್ತಿದೆ. ಒಂಬತ್ತು ನಿಮಿಷದ 'ಲೂನಾರ್ ಸೀ' ಪೂರ್ತಿ ವಾದ್ಯ. ಹಾಡಿಗಾಗಿ ಕಾಯಬೇಡಿ, ಬರುವುದಿಲ್ಲ. ಕೊನೆಗೆ ಬರೀ ಗಾಳಿಯ ಸದ್ದು ಉಳಿಯುತ್ತದೆ.

ಇದರ ಕೊರತೆಯೂ ಹದದಲ್ಲೇ ಇದೆ. 'ಲೇಡಿ ಫ್ಯಾಂಟಸಿ'ಯಂತೆ ಮೈ ಜುಮ್ಮೆನ್ನಿಸುವ ಶಿಖರ ಇಲ್ಲಿಲ್ಲ. ಎರಡು ನಿಮಿಷದ 'ಸ್ಪಿರಿಟ್ ಆಫ್ ದಿ ವಾಟರ್'ನಲ್ಲಿ ಬಾರ್ಡೆನ್ಸ್‌ನ ದನಿಯನ್ನು ಬೇಕೆಂದೇ ನೀರೊಳಗಿಂದ ಬಂದಂತೆ ಮಾಡಿದ್ದಾರೆ. ಇಯರ್‌ಫೋನ್ ಕೆಟ್ಟಿತೆಂದು ಅಂಗಡಿಗೆ ಹೋಗುವುದು ಬೇಡ.

ಇವುಗಳ ಹಿಂದುಮುಂದು

1973ರ ಮೊದಲ ಆಲ್ಬಂ ತಂಡದ ಹೆಸರಿನದ್ದೇ. ಆಗ ಮಾರಾಟವಾಗದೆ ಕಂಪನಿಯೂ ಕೈಬಿಟ್ಟಿತು. ಇಡಿಯಾಗಿ ಬೇಡ, 'ನೆವರ್ ಲೆಟ್ ಗೋ' ಒಂದನ್ನು ಕೇಳಿ. ಆರೂವರೆ ನಿಮಿಷದ ಈ ಹಾಡು ಅಕೌಸ್ಟಿಕ್ ಗಿಟಾರಿನಿಂದ ಶುರುವಾಗುವುದರಿಂದ ಕಲಿಯುವ ಹುಡುಗರಿಗೂ ಕೈಗೆಟುಕುತ್ತದೆ.

'ರೇನ್ ಡ್ಯಾನ್ಸಸ್'ಗೆ ಫರ್ಗುಸನ್ ಜಾಗದಲ್ಲಿ ಕ್ಯಾರವಾನ್ ತಂಡದ ರಿಚರ್ಡ್ ಸಿಂಕ್ಲೇರ್ ಬಂದ, ಜೊತೆಗೆ ಮೆಲ್ ಕಾಲಿನ್ಸ್‌ನ ಸ್ಯಾಕ್ಸೊಫೋನು. ಜಾಝ್ ಕಡೆ ವಾಲಿದ, ಬಿಸಿಲಿನಂಥ ಆಲ್ಬಂ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೋ ದೇವರಾಯನದುರ್ಗಕ್ಕೋ ಕಾರಿನಲ್ಲಿ ಹೊರಟವರಿಗೆ 'ಹೈವೇಸ್ ಆಫ್ ದಿ ಸನ್' ಹೇಳಿ ಮಾಡಿಸಿದ್ದು. 'ಎಲ್ಕೆ'ಯಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೆಸರಾದ ಬ್ರಯನ್ ಈನೊ ಕೂಡ ಇದ್ದಾನೆ. 1978ರ 'ಬ್ರೆತ್‌ಲೆಸ್' ಬಾರ್ಡೆನ್ಸ್‌ನ ಕೊನೆಯದು. 'ಎಕೋಸ್' ಕೇಳಿ ಮುಂದೆ ಹೋಗಬಹುದು. 1979ರ 'ಐ ಕ್ಯಾನ್ ಸೀ ಯುವರ್ ಹೌಸ್ ಫ್ರಮ್ ಹಿಯರ್' ಏಳುಬೀಳಿನದ್ದು, ಆದರೆ ಕೊನೆಯ 'ಐಸ್' ಹತ್ತು ನಿಮಿಷದ ಗಿಟಾರು ಪಾಠ. ಗಿಟಾರ್ ಕಲಿಯುತ್ತಿರುವವರು ಇದನ್ನು ಅರ್ಧ ವೇಗದಲ್ಲಿ ಹಾಕಿಕೊಂಡು ಕೇಳಲಿ. ಸ್ವರಗಳು ಕಷ್ಟದವಲ್ಲ. ಒಂದು ಸ್ವರವನ್ನು ಬಗ್ಗಿಸಿ ಶ್ರುತಿಗೆ ತಂದು, ಅಲ್ಲಿ ನಿಲ್ಲಿಸಿ, ಆಮೇಲಷ್ಟೇ ಅಲುಗಿಸುವುದು ಕಷ್ಟ. ಬೇಗ ಅಲುಗಿಸಿದರೆ ಶ್ರುತಿ ತಪ್ಪಿದ್ದು ಮುಚ್ಚಿಹೋಗುತ್ತದೆ ಎಂದು ಹೆಚ್ಚಿನವರು ಅವಸರ ಮಾಡುತ್ತಾರೆ, ಅಲ್ಲೇ ಲ್ಯಾಟಿಮರ್‌ನ ದನಿ ಕೈತಪ್ಪುತ್ತದೆ.

1981ರ 'ನ್ಯೂಡ್' ಕಥೆ ಬೇಕೆನ್ನುವವರಿಗೆ. ಯುದ್ಧ ಮುಗಿದದ್ದನ್ನು ನಂಬದೆ ಫಿಲಿಪ್ಪೀನ್ಸ್‌ನ ಲುಬಾಂಗ್ ದ್ವೀಪದ ಕಾಡಿನಲ್ಲಿ 1974ರವರೆಗೆ ಅಡಗಿದ್ದ ಜಪಾನಿ ಸೈನಿಕ ಹಿರೋ ಒನೋಡನ ನಿಜಕಥೆಯ ಆಧಾರ. ಸ್ನೋ ಗೂಸ್‌ನಂತೆ ಇದೂ ಸಣ್ಣ ಸಣ್ಣ ತುಣುಕುಗಳ ಸರಪಳಿ, ಆದರೆ ನಡುನಡುವೆ ಹಾಡುಗಳಿರುವುದರಿಂದ ಹಿಡಿತ ಸಿಗುತ್ತದೆ. ಮಾತಿಲ್ಲದ 43 ನಿಮಿಷಕ್ಕೆ ಹೆದರುವವರು ಮೊದಲು ಇದನ್ನು ಕೇಳಿ ಆಮೇಲೆ ಅಲ್ಲಿಗೆ ಹೋಗಲಿ. 'ಡ್ರಾಫ್ಟೆಡ್'ನ ಗಿಟಾರನ್ನು ತಪ್ಪಿಸಿಕೊಳ್ಳಬೇಡಿ.

1982ರ 'ದಿ ಸಿಂಗಲ್ ಫ್ಯಾಕ್ಟರ್' ಬಿಟ್ಟುಬಿಡಿ. ಬರ್ಲಿನ್ ಗೋಡೆಯನ್ನು ವಸ್ತುವಾಗಿಟ್ಟ 1984ರ 'ಸ್ಟೇಷನರಿ ಟ್ರಾವೆಲರ್'ನಲ್ಲಿ ಆ ದಶಕದ ಡ್ರಮ್ಸ್ ಸದ್ದು ಕಿವಿಗೆ ಚುಚ್ಚಬಹುದು. ಇಳಯರಾಜ, ಹಂಸಲೇಖರ ಎಂಬತ್ತರ ದಶಕದ ಹಾಡುಗಳೊಂದಿಗೆ ಬೆಳೆದವರಿಗೆ ಮಾತ್ರ ಅದೇ ಹಿತವಾದೀತು. ಶೀರ್ಷಿಕೆಯ ವಾದ್ಯಕೃತಿ, 'ಲಾಂಗ್ ಗುಡ್‌ಬೈಸ್' ಎರಡೂ ಉಳಿಯುವಂಥವು.

ರಜಾಝ್, 1999

ಎಪ್ಪತ್ತರ ದಶಕದ ಅಭಿಮಾನಿಗಳು ಮೂಗು ಮುರಿಯುವ ಆಲ್ಬಂ, ಹೊಸಬರಿಗೆ ಮಾತ್ರ ಎಲ್ಲಕ್ಕಿಂತ ಸಲೀಸು. ಅಷ್ಟುಹೊತ್ತಿಗೆ ಲ್ಯಾಟಿಮರ್ ಅಮೆರಿಕಕ್ಕೆ ಹೋಗಿ ತನ್ನದೇ ಲೇಬಲ್ ಮಾಡಿಕೊಂಡಿದ್ದ. ಒತ್ತಾಯ ಮಾಡುವವರಿಲ್ಲ, ಅವಸರವಿಲ್ಲ. ಮರುಭೂಮಿಯಲ್ಲಿ ಒಂಟೆಯ ಹೆಜ್ಜೆಗೆ ಹೊಂದಿಸಿ ಹಾಡುವ ಅರಬ್ಬೀ ಛಂದಸ್ಸು ರಜಾಝ್, ಇಡೀ ಆಲ್ಬಮ್ಮಿನ ನಡಿಗೆಯೂ ಅದೇ. ಎಂಟು ಟ್ರ್ಯಾಕು, ಸುಮಾರು 58 ನಿಮಿಷ. ದನಿ ಒಂದೇ ಮಟ್ಟದಲ್ಲಿ ಹರಿಯುವುದರಿಂದ ಬಸ್ಸಿಗೂ ಅಡುಗೆಮನೆಯ ಬ್ಲೂಟೂತ್ ಸ್ಪೀಕರಿಗೂ ಆಗುತ್ತದೆ. ವಯಸ್ಸಾದ ಲ್ಯಾಟಿಮರ್‌ನ ಕಂಠವೂ ಇಲ್ಲಿ ಮೊದಲಿಗಿಂತ ಗಟ್ಟಿ. ಶೀರ್ಷಿಕೆ ಗೀತೆ, ಕೊನೆಯ 'ಲಾರೆನ್ಸ್' ಎರಡನ್ನು ಕೇಳಿದರೂ ನಿಮಗೆ ಹಿಡಿಸುತ್ತದೋ ಇಲ್ಲವೋ ತಿಳಿದುಹೋಗುತ್ತದೆ. ಕೊಡಬೇಕಾದ ಬೆಲೆ: ಕೀಬೋರ್ಡಿನ ಕುಣಿತವಿಲ್ಲ, ತಾಳದ ಚಮತ್ಕಾರ ಕಡಿಮೆ. ಇದು ಗಿಟಾರಿಗಾಗಿ ಮಾತ್ರ.

ಇದಕ್ಕೂ ಮೊದಲಿನ 1996ರ 'ಹಾರ್ಬರ್ ಆಫ್ ಟಿಯರ್ಸ್' ಐರ್ಲೆಂಡಿನಿಂದ ಹಡಗು ಹತ್ತಿ ಹೋದವರ ಕಥೆ. ಅದರ ಕೊನೆಯ ಟ್ರ್ಯಾಕು 23 ನಿಮಿಷ ಎಂದು ತೋರಿಸುತ್ತದೆ, ಸಂಗೀತ ಮುಗಿದ ಮೇಲೆ ಉಳಿದದ್ದೆಲ್ಲ ಅಲೆಗಳ ಸದ್ದು.

ಫೋನು, ಸಿಡಿ, ಎಲ್‌ಪಿ

ಫೋನಿನಲ್ಲಿ ಕೇಳುವವರು ಮೂರು ಸೆಟ್ಟಿಂಗ್ ಸರಿಮಾಡಿಕೊಳ್ಳಿ. ಶಫಲ್ ಬಂದ್. ಕ್ರಾಸ್‌ಫೇಡ್ ಸೊನ್ನೆಗೆ: ಐದು ಸೆಕೆಂಡ್ ಇಟ್ಟಿದ್ದರೆ ಒಂದೂವರೆ ನಿಮಿಷದ ತುಣುಕಿನ ತಲೆ ಬಾಲ ಎರಡೂ ಪಕ್ಕದ ತುಣುಕಿನೊಳಗೆ ಕರಗಿಹೋಗುತ್ತವೆ. ವಾಲ್ಯೂಮ್ ಸಮ ಮಾಡುವ ಆಯ್ಕೆಯಲ್ಲಿ 'ಲೌಡ್' ಬೇಡ, ಮೆಲುದನಿ ಜೋರುದನಿಗಳ ಅಂತರವನ್ನೇ ಅದು ಒತ್ತಿಬಿಡಬಹುದು. ಬಸ್ಸಿನಲ್ಲಿ ಸ್ನೋ ಗೂಸ್ ಕೇಳಲೇಬೇಕೆನ್ನುವವರಿಗೆ ಮಾತ್ರ ಅದು ಉಪಯೋಗ. 320 ಕೆಬಿಪಿಎಸ್ ಗುಣಮಟ್ಟಕ್ಕೆ ನಿಮಿಷಕ್ಕೆ 2.4 ಎಂಬಿ ಲೆಕ್ಕ. ಮಿರಾಜ್‌ಗೆ ಸುಮಾರು 90 ಎಂಬಿ, ರಜಾಝ್‌ಗೆ 140. ರೈಲು ಹತ್ತುವ ಮೊದಲೇ ಮನೆಯ ವೈಫೈನಲ್ಲಿ ಇಳಿಸಿಕೊಳ್ಳಿ. ಉಚಿತ ಖಾತೆಯಲ್ಲಿ ನಡುವೆ ಜಾಹೀರಾತು ನುಗ್ಗುವುದರಿಂದ ಅಲ್ಲಿ ಬಿಡಿಬಿಡಿ ಹಾಡುಗಳಿರುವ ಮಿರಾಜ್, ರಜಾಝ್ ವಾಸಿ.

ಸಿಡಿ ಕೊಳ್ಳುವವರಿಗೆ 2002ರಲ್ಲಿ ದನಿ ತಿದ್ದಿ ಮತ್ತೆ ಹೊರತಂದ ರೀಮಾಸ್ಟರ್‌ಗಳು ಸಾಕು. ಬೋನಸ್ ಟ್ರ್ಯಾಕುಗಳೂ ಇವೆ. ಮಿರಾಜ್‌ನಲ್ಲಿ ಐದನೆಯದಕ್ಕೆ, ಸ್ನೋ ಗೂಸ್‌ನಲ್ಲಿ ಹದಿನಾರನೆಯದಕ್ಕೆ ನಿಲ್ಲಿಸದಿದ್ದರೆ ಆಲ್ಬಮ್ಮಿನ ಮುಕ್ತಾಯ ಕೆಡುತ್ತದೆ. ಹೊರದೇಶದಿಂದ ತರಿಸುವಾಗ ತಟ್ಟೆಯ ಬೆಲೆಗಿಂತ ಕಸ್ಟಮ್ಸ್ ಮತ್ತು ಸಾಗಣೆ ಸೇರಿದ ಒಟ್ಟು ಮೊತ್ತ ನೋಡಿ. ಹೇಗೂ ಅಷ್ಟು ಕೊಡುವುದಾದರೆ 1978ರ ಜೋಡಿ ಆಲ್ಬಂ 'ಎ ಲೈವ್ ರೆಕಾರ್ಡ್' ಲಾಭದ ವ್ಯವಹಾರ. ಒಂದು ತಟ್ಟೆಯಲ್ಲಿ ಬೇರೆ ಬೇರೆ ಕಾರ್ಯಕ್ರಮಗಳ ಹಾಡುಗಳು, ಇನ್ನೊಂದರಲ್ಲಿ 1975ರ ಅಕ್ಟೋಬರಿನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ನುಡಿಸಿದ ಇಡೀ ಸ್ನೋ ಗೂಸ್. ಅದೇ ಸಭಾಂಗಣದಲ್ಲಿ 2018ರಲ್ಲಿ ಮೂನ್‌ಮ್ಯಾಡ್‌ನೆಸ್ ಪೂರ್ತಿ ನುಡಿಸಿದ ಕಾರ್ಯಕ್ರಮವೂ ಆಮೇಲೆ ಹೊರಬಂದಿದೆ.

ಎಲ್‌ಪಿ ಬೇಕೆನ್ನುವವರು ಯಂತ್ರ ನೋಡಿಕೊಂಡು ಆಲ್ಬಂ ಆರಿಸಬೇಕು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಸಾಗುತ್ತದೆ, ಒಳಗಿನ ಕೊನೆಯಲ್ಲಿ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಡುಕಿರುತ್ತದೆ, ಅಗ್ಗದ ಸೂಜಿಗೆ ಅದನ್ನು ಓದಲಾಗದೆ ದನಿ ಒಡೆಯುತ್ತದೆ. 'ಲೇಡಿ ಫ್ಯಾಂಟಸಿ'ಯ ಭಾರದ ರಿಫ್ ಬರುವುದು ಎರಡನೆಯ ಬದಿಯ ಕಟ್ಟಕಡೆಯಲ್ಲೇ. ಸೂಟ್‌ಕೇಸ್ ಮಾದರಿಯ ಪ್ಲೇಯರ್ ಇದ್ದವರು ಹಾಗಾಗಿ ಮಿರಾಜ್ ಎಲ್‌ಪಿಗೆ ದುಡ್ಡು ಸುರಿಯಬೇಡಿ, ಸಿಡಿಯೇ ಮೇಲು. ಮೂನ್‌ಮ್ಯಾಡ್‌ನೆಸ್ ಕೊನೆಗೆ ಗಾಳಿಯ ಸದ್ದಿನಲ್ಲಿ ಮುಗಿಯುವುದರಿಂದ ಇಂಥ ಯಂತ್ರದಲ್ಲೂ ಅಷ್ಟಾಗಿ ಕೆಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಸ್ನೋ ಗೂಸ್ ಸಿಕ್ಕಿದರೆ ಅಂಗಡಿಯಲ್ಲೇ ಹಾಕಿಸಿ ಎರಡು ಜಾಗ ಕೇಳಿ: ಶುರುವಿನ 'ದಿ ಗ್ರೇಟ್ ಮಾರ್ಷ್' ಮತ್ತು ನಡುವಿನ 'ಫ್ರಿತಾ'. ಚಟಪಟ ಸದ್ದನ್ನು ಮುಚ್ಚಲು ಅಲ್ಲಿ ಬೇರೆ ಯಾವ ದನಿಯೂ ಇಲ್ಲ. ಅವೆರಡು ಸ್ವಚ್ಛವಾಗಿದ್ದರೆ ಉಳಿದದ್ದೂ ಹೆಚ್ಚುಕಮ್ಮಿ ಚೆನ್ನಾಗಿಯೇ ಇರುತ್ತದೆ, ಚೌಕಾಸಿ ಶುರು ಮಾಡಬಹುದು.